ಸೊಲೆನಾಯ್ಡಿಗೆ ಸುತ್ತಿದ ಸೈಕಲ್ ಟ್ಯೂಬು

ಇದನ್ನು ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ, ಬೇರೆ ಏನೋ ಬರೆದು ಎದ್ದಿದ್ದೇನೆ. ಇನ್ನೂ ಮುಂದಕ್ಕೆ ಹಾಕಿದರೆ ಹೇಳದೆಯೇ ಹೋಗಿಬಿಡುತ್ತೇನೆಂಬ ಅಂಜಿಕೆ ಈಗ ಹತ್ತಿದೆ.

೧೯೮೫ರಲ್ಲಿ ನವಲಗುಂದದ ಬಸ್ ಸ್ಟ್ಯಾಂಡಿನ ಬಾಜುವಿಗೆ ನನ್ನ ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ಮೆಟ್ರಿಕ್ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು ನಾನು. ಟ್ರ್ಯಾಕ್ಟರು, ಜೀಪು ದಿನದ ಕೆಲಸ. ಶಲವಡಿ ಕಡೆಯ ಬಸನಗೌಡರದು ಮಾತ್ರ ಗೋವಾದಿಂದ ತಂದ ಹಳೆಯ ಜಪಾನಿ ಮೋಟಾರ್ ಸೈಕಲ್. ಕಿಕ್ ಹೊಡೆಯಬೇಕಿಲ್ಲ, ಬಟನ್ ಒತ್ತಿದರೆ ಚಾಲೂ. ಅದನ್ನು ನೋಡಲು ಜನ ಅರ್ಧ ಚಹಾ ಬಿಟ್ಟು ಎದ್ದು ಬರುತ್ತಿದ್ದರು.

ಅದರ ಸ್ಟಾರ್ಟರ್ ಸೊಲೆನಾಯ್ಡ್ ಸುಟ್ಟಿತು. ಸ್ಟಾರ್ಟರ್ ಮೋಟಾರಿಗೆ ಬೇಕಾದಷ್ಟು ಕರೆಂಟನ್ನು ಹ್ಯಾಂಡಲ್ಲಿನ ಸಣ್ಣ ಬಟನ್ ತಾಳುವುದಿಲ್ಲ. ಬಟನ್ ಒತ್ತಿದಾಗ ಸೊಲೆನಾಯ್ಡ್ ಎಳೆದುಕೊಂಡು, ಬ್ಯಾಟರಿಯ ದಪ್ಪ ಕೇಬಲ್ಲನ್ನು ಮೋಟಾರಿಗೆ ಕೂಡಿಸುತ್ತದೆ. ಅದೇ ಮಾದರಿಯದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಹಳೆಯ ಕಾರಿನದೊಂದನ್ನು ಹಾಕಿದೆ. ಕಾರಿನದಕ್ಕೆ ಅದರ ತಗಡಿನ ಮೈಯೇ ಅರ್ಥಿಂಗ್. ಈ ಗಾಡಿಯಲ್ಲಿ ಅರ್ಥಿಂಗ್ ಬಟನ್ ಮೂಲಕವೇ ಬರಬೇಕು. ಹಾಗಾಗಿ ಮೈಗೆ ಸೈಕಲ್ ಟ್ಯೂಬು ಸುತ್ತಿ, ಸೀಟಿನ ಅಡಿಗೆ, ಫ್ರೇಮಿಗೆ ತಾಗದಂತೆ ಬಿಗಿದು, ಬಟನ್ನಿನ ವೈರನ್ನು ಮೈಗೇ ಕೂಡಿಸಿದೆ. ಎಲ್ಲಾದರೂ ಟ್ಯೂಬು ಹರಿದು ಮೈ ಫ್ರೇಮಿಗೆ ತಾಗಿತೋ, ಬಟನ್ ಬೇಕಾಗಿಲ್ಲ. ಚಾವಿ ತಿರುಗಿಸಿದರೆ ಸಾಕು, ಮೋಟಾರ್ ತಿರುಗುತ್ತದೆ.

ಇದು ನನಗೆ ಗೊತ್ತಿತ್ತು. ಚಾವಿ ಹಾಕಿ, ಸೀಟು ಅದುಮಿದಾಗ ಒಮ್ಮೆ ತಾನಾಗಿ ಗಿರ್ರೆಂದು ತಿರುಗಿತು. ಇನ್ನೊಂದು ಸುತ್ತು ಟ್ಯೂಬು ಹಾಕಿದೆ. ಸರಿಯಾಗಿ ಮಾಡಬೇಕಾದರೆ ಅಡಿಯಲ್ಲಿ ಕರೆಂಟು ಹಾಯದ ಬೇಕಲೈಟ್ ಹಲಗೆ ಕೂರಿಸಬೇಕಿತ್ತು. ಅಷ್ಟರಲ್ಲಿ ಗೌಡರು ಬಂದರು.

“ಏ ಮಿಸ್ತ್ರಿ, ನಾಳಿ ಅಮಾಸಿ. ಗಾಡಿ ಪೂಜಿ ತಪ್ಪಿದ್ರ ನಮ್ಮವ್ವ ನನ್ನೂ ಮನಿ ಹೊರಗ ನಿಂದ್ರಸ್ತಾಳ. ಕೊಡಪಾ.”

“ಆಗೇದ್ರಿ, ಒಯ್ರಿ,” ಎಂದೆ. ಟ್ಯೂಬಿನ ಮಾತು ಎತ್ತಲಿಲ್ಲ. ಗಾಡಿ ಚಾಲೂ ಮಾಡಿದ ಮಿಸ್ತ್ರಿಯೂ ಪೂಜೆಗೆ ಬರಬೇಕೆಂದು ಹೇಳಿ ಹೋದರು.

ರಾತ್ರಿ ನಿದ್ದೆ ಹತ್ತಲಿಲ್ಲ. ಶಲವಡಿ ರಸ್ತೆಯ ಎರಿಮಣ್ಣಿನ ತಗ್ಗುಗಳಲ್ಲಿ ಆ ಸೀಟು ಎಷ್ಟು ಸಲ ಅದುಮಿಕೊಂಡೀತು ಎಂಬುದೇ ಲೆಕ್ಕ.

ಮರುದಿನ ಮುಂಜಾನೆ ಹೋದಾಗ ಗಾಡಿಯನ್ನು ತೊಳೆದು ವಿಭೂತಿ ಹಚ್ಚಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟಿದ್ದರು. ಅಂಗಳ ಇಳಿಜಾರು, ಗಾಡಿ ಜಾರದಿರಲೆಂದು ಗೌಡರು ಗೇರಿನಲ್ಲೇ ನಿಲ್ಲಿಸುವ ರೂಢಿ. ಗೇರಿನಲ್ಲಿದ್ದಾಗ ಕ್ಲಚ್ ಹಿಡಿಯದೆ ಸ್ಟಾರ್ಟರ್ ತಿರುಗಿದರೆ ಗಾಡಿಯೇ ಮುಂದಕ್ಕೆ ನುಗ್ಗುತ್ತದೆ. ಬಟನ್ ಒತ್ತುವಾಗ ಅವರು ಕ್ಲಚ್ ಹಿಡಿಯುತ್ತಿದ್ದರು, ಚಾವಿ ತಿರುಗಿಸುವಾಗ ಯಾರು ಹಿಡಿಯುತ್ತಾರೆ? ಅವರು ಮೇಲೆ ಕೂತು ಸ್ಟ್ಯಾಂಡ್ ತೆಗೆದರು. ಮದುವೆಯಾಗಿ ಬಂದು ತಿಂಗಳಾಗಿರದ ಅವರ ಹೆಂಡತಿ, ಆರತಿ ತಟ್ಟೆ ಹಿಡಿದು ಚಕ್ರದ ಎದುರಿಗೇ ನಿಂತಳು.

‘ಬಾಜು ಸರೀರಿ’ ಎನ್ನುವ ಮಾತು ಗಂಟಲಿಗೆ ಬಂತು. ಯಾಕೆಂದು ಕೇಳಿದರೆ ಅಷ್ಟು ಜನರ ಮುಂದೆ ಏನು ಹೇಳಲಿ? ನುಂಗಿಕೊಂಡೆ.

ಗೌಡರು ಚಾವಿ ತಿರುಗಿಸಿದರು. ಗಾಡಿ ಹಾರಿತು.

ಆಕೆಯ ಮೊಣಕಾಲಿಗೆ ಚಕ್ರ ಬಡಿಯಿತು, ಉರಿವ ಎಣ್ಣೆ ಸೆರಗಿನ ಮೇಲೆ ಚೆಲ್ಲಿತು. ಗೋಣಿ ಒಗೆದು ಬೆಂಕಿ ಆರಿಸಿದೆವು. ಬಿದ್ದ ಗಾಡಿ ಇನ್ನೂ ಗಿರಗಿರ ಅನ್ನುತ್ತಿತ್ತು. ಓಡಿಹೋಗಿ ಚಾವಿ ಕಿತ್ತೆ.

ಗೌಡರ ತಾಯಿ ಎದೆ ಬಡಿದುಕೊಂಡರು. “ಒಂದ್ ದಿನಾನೂ ಹಿಂಗ್ ಆಗಿದ್ದಿಲ್ಲ. ಇಕಿ ಎದುರಿಗೆ ನಿಂತ್ಲು, ಗಾಡಿಗೆ ಹುಚ್ಚ ಹಿಡೀತು. ಎಂಥಾ ಕಾಲ್ಗುಣ ತಂದ್ಯವ್ವ!”

ನೆಲದ ಮೇಲಿದ್ದಾಕೆ ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಮಿಸ್ತ್ರಿಯವರ, ನೀವರೆ ಹೇಳ್ರಿ. ನಾ ಏನ್ ಮಾಡೇನ್ರಿ?”

ಎಲ್ಲರೂ ನನ್ನತ್ತ ತಿರುಗಿದರು. ಅಂಗಡಿ ಮುಚ್ಚುತ್ತದೆ, ಜನ ಹೊಡೆಯುತ್ತಾರೆ ಎಂದಷ್ಟೇ ತಲೆಯಲ್ಲಿ ಓಡಿತು.

“ಗಾಡಿ ಅಗದಿ ಸರಿ ಅದರಿ,” ಎಂದೆ.

ತಪಾಸಣೆಯ ನೆವದಲ್ಲಿ ಗಾಡಿಯನ್ನು ಅಂಗಡಿಗೆ ತಂದೆ. ಟ್ಯೂಬು ಉಗುರಿನಷ್ಟು ಹರಿದಿತ್ತು. ಬೇಕಲೈಟ್ ಹಲಗೆ ಹಾಕಿ ಕೂರಿಸಿದೆ. ಆ ಮೇಲೆ ಅದು ಎಂದೂ ತಾನಾಗಿ ತಿರುಗಲಿಲ್ಲ. ಅದೇ ಆಕೆಯ ವಿರುದ್ಧದ ಸಾಕ್ಷಿಯಾಯಿತು. ಗಾಡಿ ಸರಿ ಇತ್ತಲ್ಲ! ಮುರಿದ ಕಾಲು ಕೂಡಿದರೂ ಆಕೆ ಎಳೆದೇ ನಡೆದಳು. ಆ ಮನೆಯಲ್ಲಿ ಆಕೆಯ ಕೈಗೆ ಮತ್ತೆ ಆರತಿ ಕೊಡಲಿಲ್ಲ, ಮದುವೆ ಮುಂಜಿವೆಗಳಲ್ಲಿ ಎದುರಿಗೆ ಬರಗೊಡಲಿಲ್ಲ. ನನ್ನ ಅಂಗಡಿಯ ಮುಂದೆ ಬಸ್ಸಿಗೆ ಕಾಯುವಾಗ, “ಆರಾಮ್ ಅದೀರೇನ್ರಿ?” ಎಂದು ಕೇಳುತ್ತಿದ್ದಳು. ಆಕೆಗೆ ಗೊತ್ತಾಗಿದೆಯೋ ಏನೋ ಎಂದು ನಾನು ಕೆಲಸದ ನೆವ ಮಾಡಿ ಒಳಗೆ ಸರಿಯುತ್ತಿದ್ದೆ.

ತಾತ್ಕಾಲಿಕ ಕೆಲಸ ಮಾಡಿದರೆ, ಅದು ತಾತ್ಕಾಲಿಕ ಎಂದು ಬಾಯಿಬಿಟ್ಟು ಹೇಳಿಯೇ ಗಾಡಿ ಬಿಡಬೇಕು. ನನ್ನ ಕೈಕೆಳಗೆ ಕಲಿತವರಿಗೆಲ್ಲ ಇದನ್ನು ಹೇಳಿದ್ದೇನೆ. ಯಾಕೆಂದು ಹೇಳಿಲ್ಲ.

ಆಕೆ ಈಗ ಕುಂದಗೋಳದಲ್ಲಿ ಮಗಳ ಮನೆಯಲ್ಲಿದ್ದಾಳಂತೆ. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಹಾದಿಯೂ ಅಲ್ಲ, ನಾನು ಹೋಗಿಲ್ಲ. ಆ ಮನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಆಕೆಯ ಹೆಸರು ಗಂಗವ್ವ.