ಬ್ರೆಡ್ಡಿನ ಕಾಸಿಯಾನೊ ಸತ್ತಿದ್ದ ದಿನಗಳು

ಕಾಸಿಯಾನೊ ಯುಹ್ರಾ ಸತ್ತದ್ದು ಅಕ್ಟೋಬರಿನ ಒಂದು ಮಂಗಳವಾರ, ಬೆಳಗಿನ ಏಳು ಗಂಟೆಗೆ, ಹಿಟ್ಟು ನಾದುತ್ತಿದ್ದಾಗ. ನಾದುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ತಾನು ಸತ್ತಿರುವ ವಿಷಯವನ್ನು ಹೆಂಡತಿ ಹಿಲಾರಿಯಾಗೆ ತಿಳಿಸಿದ. ಅವಳು ತಿರುಗಿಯೂ ನೋಡದೆ, "ಒಲೆಯೊಳಗಿರೋ ಬ್ರೆಡ್ಡು ತೆಗೆದಿಟ್ಟು ಸಾಯಿ" ಅಂದಳು. ಮೂವತ್ತೊಂದು ವರ್ಷಗಳಲ್ಲಿ ಒಂದು ಬ್ರೆಡ್ಡನ್ನೂ ಸೀಯಲು ಬಿಟ್ಟವನಲ್ಲ, ತೆಗೆದಿಟ್ಟ. ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಅಂಗಾತ ಮಲಗಿ, ಟೋಪಿಯನ್ನು ಎದೆಯ ಮೇಲಿಟ್ಟುಕೊಂಡ.

ಅವನು ಸುಮ್ಮನೆ ಹೇಳಿದ ಮಾತಲ್ಲ ಅದು. ಕೆಲವು ವಾರಗಳಿಂದ ಹಿಟ್ಟು ಕೈಗೆ ಬೆಚ್ಚಗೂ ಹತ್ತುತ್ತಿರಲಿಲ್ಲ, ತಣ್ಣಗೂ ಹತ್ತುತ್ತಿರಲಿಲ್ಲ. ಜನ ಮಾತಾಡಿದರೆ ಗೋಡೆಯಾಚೆಯಿಂದ ಕೇಳಿದಂತಾಗುತ್ತಿತ್ತು. ಎದೆಯೊಳಗೆ ನೋವಿರಲಿಲ್ಲ, ಭಯವಿರಲಿಲ್ಲ, ಉಜ್ಜಿ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಇದಕ್ಕೆ ಸಾವು ಅನ್ನದೆ ಇನ್ನೇನನ್ನಬೇಕು?

ಸತ್ತವರ ವಿಷಯದಲ್ಲಿ ಕೊಲ್ಕೆಪಾಂಪಾ ಊರಿನಲ್ಲಿ ಅವನಷ್ಟು ತಿಳಿದವರೂ ಇರಲಿಲ್ಲ. ನವೆಂಬರ್ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ಆತ್ಮಗಳು ಮನೆಗೆ ಬರುತ್ತವೆ, ಮರುದಿನ ಹನ್ನೆರಡಕ್ಕೆ ಹೊರಡುತ್ತವೆ. ಅವುಗಳಿಗೆಂದು ಬಡಿಸುವ ಮೇಜಿನ ಮೇಲೆ ಕೂಸಿನ ಆಕಾರದ ಬ್ರೆಡ್ಡು ಇರಲೇಬೇಕು, ಅದಕ್ಕೆ ಬಣ್ಣದ ಪುಟ್ಟ ಮುಖ ಅಂಟಿಸಿರಬೇಕು. ಊರಿನ ಅಷ್ಟೂ ಕೂಸುಬ್ರೆಡ್ಡು ಕಾಸಿಯಾನೊನ ಒಲೆಯಿಂದಲೇ ಹೋಗುತ್ತಿತ್ತು. ದೂರದಿಂದ ಬಂದ ಆತ್ಮಕ್ಕೆ ಬಾಯಾರಿರುತ್ತದೆ, ಆದ್ದರಿಂದ ಮೊದಲು ಒಂದು ಲೋಟ ನೀರು. ಊಟ ಮಾತ್ರ ಅವು ತಾವೇ ಮಾಡಲಾರವು. ಮನೆಗೆ ಬಂದ ಊರವರು ಮೇಜಿನ ಮುಂದೆ ನಿಂತು ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಹೇಳುತ್ತಾರೆ, ಮನೆಯವರು ಕೊಟ್ಟ ಬ್ರೆಡ್ಡು ತಿನ್ನುತ್ತಾರೆ, ತಿಂದದ್ದು ಸತ್ತವರ ಹೊಟ್ಟೆಗೆ ಸೇರುತ್ತದೆ. ಈ ಲೆಕ್ಕದ ಪ್ರಕಾರವೇ ಕಾಸಿಯಾನೊ ನೀರು ಕುಡಿಯುತ್ತಿದ್ದ, ಊಟವನ್ನು ಮುಟ್ಟುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ.

ಹಿಲಾರಿಯಾ ಎರಡು ದಿನ ನಕ್ಕಳು, ಮೂರನೆಯ ದಿನ ಸೌಟಿನಿಂದ ಬಾರಿಸಿದಳು, ನಾಲ್ಕನೆಯ ದಿನ ಅತ್ತಳು. ನೆರೆಯವರು ಅವನ ಟೋಪಿಯನ್ನು ಬೀದಿಯಲ್ಲಿ ಬೀಸಿ, ಹೆದರಿ ಓಡಿಹೋಗಿರುವ ಜೀವವನ್ನು ಹೆಸರು ಹಿಡಿದು ಕರೆದರು. ಅದು ಬರಲಿಲ್ಲ. ಹತ್ತು ಜನಕ್ಕೆ ಹತ್ತು ಮಾತು. ಆದರೆ ಒಂದು ವಿಷಯದಲ್ಲಿ ಊರಿಗೆ ಊರೇ ಒಮ್ಮತಕ್ಕೆ ಬಂತು: ಸಾಯುವುದಿದ್ದರೆ ಹಬ್ಬದ ಬ್ರೆಡ್ಡು ಬೇಯಿಸಿ ಮುಗಿಸಿ ಸಾಯಬಹುದಿತ್ತು.

ಒಂಬತ್ತನೆಯ ದಿನ ಕಾಸಿಯಾನೊ ಎದ್ದ. ಸತ್ತು ಒಂಬತ್ತು ದಿನವಾದರೂ ಹೂಳಿಲ್ಲ, ಒಂದು ಪ್ರಾರ್ಥನೆಯಿಲ್ಲ. ಇಂಥ ಬೇಜವಾಬ್ದಾರಿ ಊರನ್ನು ಅವನು ಕಂಡಿರಲಿಲ್ಲ. ತನ್ನನ್ನು ಹೂಳಲು ಬೇಕಾಗುವ ಮೇಣದ ಬತ್ತಿ, ಒಳ್ಳೆಯ ಕಂಬಳಿ ಹಿಡಿದು, ಗೋಡೆ ಹಿಡಿದು ಹಿಡಿದು ನಡೆದು, ಇಗರ್ಜಿಯ ಪಾದ್ರಿ ಎವಾರಿಸ್ತೊ ಅವರ ಬಾಗಿಲು ತಟ್ಟಿದ.

ಪಾದ್ರಿ ಎವಾರಿಸ್ತೊ ಅರವತ್ತೈದರವರು. ಒಂದು ಮಂಡಿ ಸರಿಯಿಲ್ಲ, ಸೂಪು ಸಿಕ್ಕರೆ ಪ್ರಪಂಚ ಮರೆಯುತ್ತಾರೆ. ಹಿಂದೊಮ್ಮೆ ಬೇರೆ ಊರಿನಲ್ಲಿ ಒಬ್ಬ ಟೀಚರಮ್ಮ ಬಂದು, ಬದುಕು ಬೇಡವಾಗಿದೆ ಎಂದು ಹೇಳಿಕೊಂಡಿದ್ದಳು. ಇವರು ಜಪಮಾಲೆ ಹಿಡಿ, ಸರಿಹೋಗುತ್ತದೆ ಎಂದು ಕಳಿಸಿಬಿಟ್ಟಿದ್ದರು. ಅದೇ ಶುಕ್ರವಾರ ಅವಳ ಶವದ ಮುಂದೆ ಇವರೇ ನಿಂತು ಪ್ರಾರ್ಥನೆ ಹೇಳಬೇಕಾಯಿತು. ಇದನ್ನು ಅವರೇ ವರ್ಷಕ್ಕೊಮ್ಮೆ ಪ್ರವಚನದಲ್ಲಿ ಹೇಳಿಕೊಳ್ಳುತ್ತಾರೆ.

ಅವರು ಕಾಸಿಯಾನೊನನ್ನು ನೋಡಿ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಎಳೆದು ಕೂರಿಸಿ, ಯಾವತ್ತು ಸತ್ತೆ, ನಿದ್ದೆ ಬರುತ್ತದೆಯೇ, ಸತ್ತ ಮೇಲೆ ಚಳಿಯಾಗುತ್ತದೆಯೇ ಎಂದೆಲ್ಲ ವಿಚಾರಿಸಿದರು. ನಿದ್ದೆಯಿಲ್ಲ, ಹೆಣಕ್ಕೆ ಚಳಿ ಗೊತ್ತಾಗುವುದಿಲ್ಲ ಎಂದ ಕಾಸಿಯಾನೊ. ಒಂಬತ್ತು ದಿನಗಳಲ್ಲಿ ಮರ್ಯಾದೆಯಿಂದ ಕೇಳಿದವರು ಇವರೊಬ್ಬರೇ ಎಂದು ಅವನಿಗೆ ಅನ್ನಿಸಿತು.

ಪಾದ್ರಿ, "ಒಂದು ಮಾತು ನೇರವಾಗಿ ಕೇಳ್ತೀನಿ ತಮ್ಮಾ. ಜೀವಕ್ಕೆ ಏನಾದರೂ ಮಾಡ್ಕೋಬೇಕು ಅನ್ನಿಸುತ್ತಾ?" ಅಂದರು.

"ಆಗಿರೋ ಕೆಲಸ ಮತ್ತೆ ಯಾಕೆ ಮಾಡೋಣ ಪಾದ್ರಿಗಳೇ?"

ಅವರು ಉಸಿರು ಬಿಟ್ಟು, ಹೂಳುವ ವಿಷಯಕ್ಕೆ ಬಂದರು. ಡಾಕ್ಟರ ಕಾಗದವಿಲ್ಲದೆ ತಾನು ಬಿಷಪ್ಪರನ್ನೂ ಹೂಳುವಂತಿಲ್ಲ, ಕಾನೂನು ಕಾನೂನೇ ಎಂದರು. ಅದು ನಿಜವೂ ಆಗಿತ್ತು. ಒರೂರೊ ಪಟ್ಟಣಕ್ಕೆ ತಾನೇ ಜೊತೆಗೆ ಬರುವುದಾಗಿ ಹೇಳಿದರು. ಕಾಗದಪತ್ರ ಸರಿಯಿರಬೇಕೆಂಬುದು ಕಾಸಿಯಾನೊನಿಗೂ ಒಪ್ಪಿಗೆಯಾಯಿತು. ಬಾಗಿಲಲ್ಲಿ ಕಾದಿದ್ದ ಇಬ್ಬರು ಹಿರಿಯರು ಪಟ್ಟಣ ಯಾಕೆ, ಇಲ್ಲೇ ದೆವ್ವ ಬಿಡಿಸಿ ಎಂದು ಗಂಟುಬಿದ್ದರು.

"ದೆವ್ವ ಹಿಡಿದವನು ಹೆಂಡತಿ ಹೇಳಿದ ತಕ್ಷಣ ಒಲೆಯಿಂದ ಬ್ರೆಡ್ಡು ತೆಗೀತಾನೇನ್ರಯ್ಯಾ?" ಅಂದರು ಪಾದ್ರಿ. "ಇವನಿಗೆ ಕಾಯಿಲೆ. ನಿಮ್ಮ ಕೈಲಾದರೆ ಹಿಲಾರಿಯಾಗೆ ಸೌದೆ ಒಡೆದುಕೊಡಿ ಹೋಗಿ."

ಮರುದಿನ ಬಸ್ಸಿನ ಹತ್ತಿರ ಹೊಸ ತಕರಾರು. ಹೆಣ ಸೀಟಿನಲ್ಲಿ ಕೂರುವುದು ಎಲ್ಲಾದರೂ ಉಂಟೇ? ಶವಪೆಟ್ಟಿಗೆಗಳು ಹೋಗುವುದು ಬಸ್ಸಿನ ಮೇಲೆ, ಮೂಟೆಗಳ ಜೊತೆ. ಕಾಸಿಯಾನೊ ಏಣಿ ಹಿಡಿದೇಬಿಟ್ಟ. ಡ್ರೈವರ್ ಬಾಯಿಗೆ ಬಂದಂತೆ ಬೈದ, ಒಳಗಿದ್ದವರು ಹೊತ್ತಾಯಿತೆಂದು ಕೂಗಾಡಿದರು. ಪಾದ್ರಿ ನಿಲುವಂಗಿ ಎತ್ತಿ ಕಟ್ಟಿ, ಕೆಳಗಿನಿಂದ ಅವನನ್ನು ತಳ್ಳಿ, ಆ ಹಾಳು ಮಂಡಿಯನ್ನು ಎಳೆದುಕೊಂಡು ತಾವೂ ಹತ್ತಿದರು. ಆಲೂಗಡ್ಡೆ ಮೂಟೆಗಳ ನಡುವೆ, ಕಾಲು ಕಟ್ಟಿದ ಎರಡು ಕುರಿಗಳ ಪಕ್ಕದಲ್ಲಿ, ಎರಡು ಗಂಟೆಯ ದಾರಿ. ಬಯಲಿನ ಗಾಳಿ ಮುಖ ಕೊಯ್ಯುತ್ತಿತ್ತು. ಪಾದ್ರಿ ತಮ್ಮ ಶಾಲು ತೆಗೆದು ಅವನಿಗೆ ಹೊದಿಸಲು ಹೋದರೆ, ಹೆಣಕ್ಕೇಕೆ ಶಾಲು, ನೀವೇ ಹೊದ್ದುಕೊಳ್ಳಿ ಎಂದು ಅವನು ವಾಪಸು ಕೊಟ್ಟ. ಪಾದ್ರಿಯ ಹಲ್ಲು ಕಟಕಟ ಅನ್ನುತ್ತಿದ್ದುದನ್ನು ನೋಡಿ, ಬದುಕಿರುವವರ ಪಾಡು ಕಷ್ಟವಪ್ಪಾ ಎಂದುಕೊಂಡ.

ಒರೂರೊ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಸುಳ್ಳು ಹೇಳುವವಳಲ್ಲ. ಒಂದು ಗಂಟೆ ಕೇಳಿಸಿಕೊಂಡು, ನೀವು ಸತ್ತಿಲ್ಲ, ಸತ್ತ ಹಾಗೆ ಅನ್ನಿಸುವ ಕಾಯಿಲೆ ನಿಮಗೆ ಬಂದಿದೆ, ಅದಕ್ಕೆ ಔಷಧ ಇದೆ ಎಂದಳು. ಕಾಸಿಯಾನೊ ಅವಳ ಅನುಭವ ಸಾಲದೆಂದು ಮನಸ್ಸಿನಲ್ಲೇ ಕ್ಷಮಿಸಿದ. ಕೈಗೆ ಬಾಟಲಿ ನೀರು ಏರಿಸಲು ಬಿಟ್ಟ. ನೀರು ಸತ್ತವರಿಗೂ ನಡೆಯುತ್ತದೆ. ಗುಳಿಗೆಗಳನ್ನು ಮಾತ್ರ ಊಟದ ಜೊತೆ ನುಂಗಬೇಕಿತ್ತು, ಊಟವೋ ನಿಷಿದ್ಧ. ಇವತ್ತೇ ಸೇರಿಸಿಕೊಳ್ಳುತ್ತೇನೆಂದು ಅವಳು ಹೇಳಿದಾಗ ಕಾಸಿಯಾನೊ ಮೊದಲ ಸಲ ನಡುಗಿದ. ಶನಿವಾರ ಹಬ್ಬ, ಅವನ ತಾಯಿ ನಿಕೊಲಾಸಾ ಸತ್ತು ಒಂದು ವರ್ಷವಾಗಿತ್ತು, ಸತ್ತ ಮೊದಲ ಮೂರು ವರ್ಷ ಮೇಜು ಬಡಿಸಲೇಬೇಕು. ಪಾದ್ರಿ ದಿನಕ್ಕೆರಡು ಸಲ ತಾವೇ ಹೋಗಿ ನೋಡುವುದಾಗಿ ಮಾತು ಕೊಟ್ಟರು. ಡಾಕ್ಟರಮ್ಮ ಅರೆಮನಸ್ಸಿನಿಂದ ಸೋಮವಾರದವರೆಗೆ ಬಿಟ್ಟಳು. ಅಷ್ಟರಲ್ಲಿ ಊಟ ಮಾಡದಿದ್ದರೆ ಮೂಗಿನಲ್ಲಿ ನಳಿಗೆ ಹಾಕಿ ಉಣಿಸಬೇಕಾಗುತ್ತದೆ, ತಡವಾದರೆ ಅದೂ ಉಪಯೋಗಕ್ಕೆ ಬಾರದು ಎಂದು ಪಾದ್ರಿಗೆ ಹೊರಗೆ ಹೇಳಿದಳು.

ಶನಿವಾರ ಹನ್ನೆರಡರ ಗಂಟೆ ಬಾರಿಸಿತು. ಹಿಲಾರಿಯಾ ತಾನೇ ಬೇಯಿಸಿದ ಬ್ರೆಡ್ಡುಗಳನ್ನು ಮೇಜಿನ ಮೇಲೆ ಜೋಡಿಸಿ, ನೀರಿಟ್ಟು, ಕರಿ ಶಾಲು ಹೊದ್ದು ಕೂತಳು. ಒಂದು ಗಂಟೆಯಾಯಿತು, ಎರಡಾಯಿತು. ಪ್ರಾರ್ಥನೆ ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ದೆವ್ವದ ಭಯ ಕೆಲವರಿಗೆ, ಬ್ರೆಡ್ಡು ಸಿಗದ ಸಿಟ್ಟು ಕೆಲವರಿಗೆ. ಮೂವತ್ತೊಂದು ವರ್ಷ ಇಡೀ ಊರಿನ ಸತ್ತವರ ಹೊಟ್ಟೆ ತುಂಬಿಸಿದವನ ಮನೆಯ ಬಾಗಿಲಿಗೆ ಯಾರೂ ಬರಲಿಲ್ಲ. ಇಂಥ ಊರಿಗೆ ಏನನ್ನಬೇಕು?

ಮೂರು ಗಂಟೆಗೆ ಪಾದ್ರಿ ಕುಂಟುತ್ತಾ ಬಂದರು. ಕಾಸಿಯಾನೊ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ನೀರಿನ ಲೋಟವನ್ನೇ ನೋಡುತ್ತಿದ್ದ.

"ಅಮ್ಮ ಬಂದಿರ್ಬೇಕು ಪಾದ್ರಿಗಳೇ. ಸತ್ತವನಿಗೆ ಸತ್ತವಳು ಕಾಣಬೇಕಲ್ಲ? ನನಗೆ ಕಾಣ್ತಾ ಇಲ್ಲ."

ಬೇರೆ ಯಾರೇ ಆಗಿದ್ದರೂ ಈಗ ಸಿಕ್ಕಿಬಿದ್ದೆ ಎಂದು ಮೇಲೆ ಬೀಳುತ್ತಿದ್ದರು. ಪಾದ್ರಿ, "ನನಗೂ ಕಾಣ್ತಿಲ್ಲ ತಮ್ಮಾ. ಹಸಿದಿರ್ತಾರೆ ಪಾಪ" ಎಂದಷ್ಟೇ ಅಂದು ಮೇಜಿನ ಮುಂದೆ ನಿಂತರು.

ನಿಕೊಲಾಸಾಳ ಹೆಸರಿನಲ್ಲಿ ಒಂದು ಪ್ರಾರ್ಥನೆ, ಒಂದು ಬ್ರೆಡ್ಡು. ಇನ್ನೊಂದು ಪ್ರಾರ್ಥನೆ, ಇನ್ನೊಂದು ಬ್ರೆಡ್ಡು. ಮೂರನೆಯದಕ್ಕೆ ಬೆವರಿದರು. ಐದನೆಯದಕ್ಕೆ ನಿಲುವಂಗಿಯ ಗುಂಡಿ ಬಿಚ್ಚಿದರು. ಏಳನೆಯದು ಅರ್ಧಕ್ಕೆ ಬಂದಾಗ ಕಣ್ಣು ಮೇಲಕ್ಕೆ ಹೋಯಿತು, ಮುಖ ಆಲೂಗಡ್ಡೆಯ ಬಣ್ಣಕ್ಕೆ ತಿರುಗಿತು.

"ಇನ್ನು ನನ್ನ ಕೈಲಾಗಲ್ಲ ಕಾಸಿಯಾನೊ. ನನ್ನ ಹೊಟ್ಟೆ ತುಂಬ್ತು, ನಿಮ್ಮಮ್ಮನದು ತುಂಬಿಲ್ಲ."

ಅದು ನಿಜವೆಂದು ಕಾಸಿಯಾನೊನಿಗೆ ಗೊತ್ತಿತ್ತು. ಬದುಕಿದ್ದಾಗ ನಿಕೊಲಾಸಾ ಹತ್ತಕ್ಕೆ ಕಡಿಮೆ ತಿಂದು ಎದ್ದವಳಲ್ಲ. ಅಷ್ಟು ದೂರದಿಂದ ಬಂದು, ಮಗನ ಮನೆಯಿಂದ ಅರೆಹೊಟ್ಟೆಯಲ್ಲಿ ನಾಳೆ ಹೊರಟುಹೋಗುತ್ತಾಳೆ. ಖಾಲಿಯಾಗಿದ್ದ ಎದೆಯೊಳಗೆ ಏನೋ ಚುಚ್ಚಿದಂತಾಯಿತು.

"ಸತ್ತವನು ಪ್ರಾರ್ಥನೆ ಹೇಳಿದರೆ ನಡೆಯುತ್ತಾ?"

"ಬಾಯಿ ಇರೋರು ಯಾರು ಹೇಳಿದರೂ ನಡೆಯುತ್ತೆ."

ಅವನು ಎದ್ದು ನಿಂತು ಹೇಳಿದ. ದನಿ ಹೊರಡುವುದೇ ಕಷ್ಟವಾಯಿತು. ಹಿಲಾರಿಯಾ ಮನೆಗೆ ಬಂದ ಪರಸ್ಥಳದವನಿಗೆ ಕೊಡುವಂತೆ ಎರಡೂ ಕೈಯಲ್ಲಿ ಬ್ರೆಡ್ಡು ಕೊಟ್ಟಳು. ಕಾಸಿಯಾನೊ ಅದನ್ನು ತಿರುಗಿಸಿ ನೋಡಿದ, ತಳ ತಟ್ಟಿ ನೋಡಿದ, ಚೂರು ಮುರಿದು ಬಾಯಿಗಿಟ್ಟ. ಬಹಳ ಹೊತ್ತು ಅಗಿದ.

"ಉಪ್ಪು ಕಮ್ಮಿಯಾಗಿದೆ" ಅಂದ.

"ಸತ್ತು ಮಲಗಿದ್ದವನು ನೀನು. ಉಪ್ಪು ನೋಡೋಕೆ ಯಾರಿದ್ರು ನನಗೆ?" ಎಂದು ಹಿಲಾರಿಯಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ತಾಯಿಯ ಹೊಟ್ಟೆ ತುಂಬಲೆಂದು ಆ ಸಂಜೆ ಅವನು ಎರಡು ಬ್ರೆಡ್ಡು ತಿಂದ, ಅವುಗಳ ಜೊತೆ ಗುಳಿಗೆಯನ್ನೂ ನುಂಗಿದ.

ಭಾನುವಾರ ಪಾದ್ರಿ ಪ್ರವಚನದಲ್ಲಿ ಊರಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಕಾಲು ಮುರಿದವನ ಮನೆಗೆ ಸೂಪು ಹೊತ್ತುಕೊಂಡು ಹೋಗುವ ನಿಮಗೆ, ಮನಸ್ಸು ಮುರಿದವನ ಮನೆಯ ದಾರಿ ಮರೆತುಹೋಯಿತೇ ಎಂದು ಕೇಳಿದರು. ಹನ್ನೆರಡಾಗಲು ಹತ್ತು ನಿಮಿಷವಿರುವಾಗ ತಲೆ ತಗ್ಗಿಸಿಕೊಂಡು ಇಪ್ಪತ್ತು ಜನ ಬಂದು, ಗಬಗಬನೆ ಪ್ರಾರ್ಥಿಸಿ, ಗಬಗಬನೆ ತಿಂದು ನಿಕೊಲಾಸಾಳನ್ನು ಬೀಳ್ಕೊಟ್ಟರು.

ಅಷ್ಟಕ್ಕೇ ಕಾಸಿಯಾನೊ ಬದುಕಿಬಿಟ್ಟ ಎಂದು ತಿಳಿಯಬೇಡಿ. ಮುಂದೆ ಎಷ್ಟೋ ತಿಂಗಳು ವಾರಕ್ಕೆರಡು ದಿನ ಸಾಯುತ್ತಲೇ ಇದ್ದ, ಪಾದ್ರಿಯೂ ಬಂದು ಪಕ್ಕದಲ್ಲಿ ಕೂರುತ್ತಲೇ ಇದ್ದರು. ಆದರೆ ಆ ಸೋಮವಾರ ಬೆಳಿಗ್ಗೆ ಒರೂರೊ ಬಸ್ಸು ಬಂದು ನಿಂತಾಗ ನಡೆದದ್ದನ್ನು ಹಿಲಾರಿಯಾ ಇಂದಿಗೂ ಹೇಳುತ್ತಾಳೆ. ಪಾದ್ರಿ ಎವಾರಿಸ್ತೊ ಎರಡು ಶಾಲು ಹೊದ್ದು, ಮಂಡಿಗೆ ಬಟ್ಟೆ ಬಿಗಿದು, ನಿಲುವಂಗಿ ಎತ್ತಿ ಕಟ್ಟಿ, ದೇವರ ಹೆಸರು ಹೇಳಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಹಿಂದಿನಿಂದ ಯಾರೋ ಅವರ ತೋಳು ಹಿಡಿದರು.

"ಮೇಲೆ ಬೇಡ ಪಾದ್ರಿಗಳೇ, ಒಳಗೆ ಬನ್ನಿ" ಅಂದ ಕಾಸಿಯಾನೊ. "ಚಳಿಯಾಗ್ತಿದೆ."