ಶಿವಯೋಗಿಯನ್ನು ಅಂಕಲ್ ಎಂದವಳು

ತಾಳಗುಂದದ ಶಿವಯೋಗಿಗೆ ಮೂವತ್ತೆಂಟು ದಾಟಿದರೂ ಮದುವೆಯಾಗಿರಲಿಲ್ಲ. ಇದನ್ನು ಅವನಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ, ಆದರೂ ಊರೆಲ್ಲ ನೆನಪಿಸುತ್ತಿತ್ತು. ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿ, ಕ್ಷೌರದಂಗಡಿಯಲ್ಲಿ ಕೂತರೆ ಅಲ್ಲಿ. "ಹೆಸರಿಡುವಾಗ್ಲೇ ನಿಮ್ಮಪ್ಪ ಯೋಗಿ ಅಂತ ಇಟ್ಟುಬಿಟ್ಟ, ಇನ್ನು ಸಂಸಾರ ಎಲ್ಲಿಂದ ಬರ್ಬೇಕೋ?" ಎಂದು ನಗುವವರೇ ಎಲ್ಲ. ಅವನಿಗೇನು ಕೊರತೆ ಇತ್ತು ಹೇಳಿ? ಮೆಕ್ಕೆಜೋಳದ ಹೊಲ, ಒಂದಿಷ್ಟು ಭತ್ತದ ಗದ್ದೆ, ಹಟ್ಟಿ ತುಂಬ ಕುರಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಹೆಣ್ಣಿನ ಕಡೆಯವರು ಇದನ್ನೆಲ್ಲ ತಲೆದೂಗಿ ಕೇಳಿಸಿಕೊಂಡು, ಕೊನೆಗೆ, "ಅದೆಲ್ಲ ಸರಿ, ಹುಡುಗ ಕೆಲಸ ಏನ್ ಮಾಡ್ತಾನೆ?" ಎನ್ನುತ್ತಿದ್ದರು. ಕೋಳಿ ಕೂಗುವ ಮೊದಲೇ ಎದ್ದು ಕತ್ತಲಾಗುವ ತನಕ ದುಡಿಯುವವನನ್ನು ಹೀಗೆ ಕೇಳುವ ಬಾಯಿಗೆ ಏನು ಹೇಳೋಣ!

ಇನ್ನೊಂದು ಸಂಗತಿಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಶಿವಯೋಗಿ ಇದ್ದ ವಯಸ್ಸಿಗಿಂತ ಹಿರಿಯನಾಗಿ ಕಾಣುತ್ತಿದ್ದ. ಕೂದಲು ಬೇಗ ಬೆಳ್ಳಗಾಗಿತ್ತು. ಕೈ ಬೆನ್ನ ಹಿಂದೆ ಕಟ್ಟಿ ನಡೆಯುತ್ತಿದ್ದ. ಎಲ್ಲಾದರೂ ಜಗಳ ಕಂಡರೆ "ಹೋಗ್ಲಿ ಬಿಡ್ರಪಾ" ಎಂದು ನಡುವೆ ನಿಲ್ಲುತ್ತಿದ್ದ. ಅವನ ಜೊತೆ ಶಾಲೆ ಓದಿದವರೇ ಅವನನ್ನು ಕಂಡರೆ ಬೀಡಿ ಮರೆಮಾಡುತ್ತಿದ್ದರು ಅಂದಮೇಲೆ ಮುಗಿಯಿತಲ್ಲ!

ಹಾಗಿರುವಾಗ ಸೊರಬದಿಂದ ಒಂದು ಸಂಬಂಧದ ಸುದ್ದಿ ಬಂತು. ಹುಡುಗಿ ಪ್ರಮೀಳಾ, ಮೂವತ್ತು ದಾಟಿದವಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಅಣ್ಣ ನಾಗೇಶ್ ತಂಗಿಯ ಮದುವೆ ಚಿಂತೆಯಲ್ಲಿ ಅರ್ಧ ಆಗಿದ್ದ. ಶಿವಯೋಗಿ ತಾಯಿ ತಾಯಮ್ಮನನ್ನು ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಣ್ಣು ನೋಡಲು ಹೋದ. ಶಿರಾ ಬಂತು, ಅವಲಕ್ಕಿ ಬಂತು, ಹಿಂದೆಯೇ ಕಾಫಿ ಹಿಡಿದು ಪ್ರಮೀಳಾ ಬಂದಳು. ಅಳತೆ ಟೇಪು ಕೊರಳಲ್ಲೇ ಉಳಿದಿತ್ತು, ತೆಗೆಯುವುದು ಮರೆತಿದ್ದಳೋ ಏನೋ. ಶಿವಯೋಗಿಗೆ ಅದನ್ನು ಕಂಡದ್ದೇ ತಡ, ಇವಳೇ ಆಗಬೇಕು ಅನ್ನಿಸಿಬಿಟ್ಟಿತು. ಅವಳು ಲೋಟ ಅವನ ಮುಂದೆ ಹಿಡಿದು, "ತಗೊಳ್ಳಿ ಅಂಕಲ್. ಹುಡುಗ ಮುಂದಿನ ಬಸ್ಸಿಗೆ ಬರ್ತಾನಾ?" ಎಂದಳು.

ನಾಗೇಶ್ ನಾಲಿಗೆ ಕಚ್ಚಿಕೊಂಡ. ತಾಯಮ್ಮನ ಗಂಟಲಲ್ಲಿ ಅವಲಕ್ಕಿ ಸಿಕ್ಕಿಕೊಂಡಿತು. ಶಿವಯೋಗಿ ಮಾತ್ರ ಲೋಟ ಇಸಿದುಕೊಂಡು, "ಹುಡುಗ ಬಂದಾಗೇತಮ್ಮ. ಕಾಫಿ ಚೆನ್ನಾಗೈತೆ," ಎಂದು ಪೂರ್ತಿ ಕುಡಿದು, ಕೈ ಮುಗಿದು ಎದ್ದು ಬಂದ.

ಊರಿಗೆ ಬಂದವನು ಇನ್ನು ಹೆಣ್ಣು ನೋಡುವ ಮಾತೇ ಎತ್ತಬೇಡಿ ಎಂದುಬಿಟ್ಟ. ಅವಮಾನವಾಯಿತು ಎಂದು ತಾಯಮ್ಮ ತಿಳಿದಳು. ನಿಜ ಹೇಳಬೇಕೆಂದರೆ ಅವನಿಗೆ ಬೇರೆ ಹೆಣ್ಣು ಬೇಡವಾಗಿತ್ತು. ಕುರಿಗೆ ಸೊಪ್ಪು ಹಾಕುವಾಗ ಆ ಟೇಪು ಕಣ್ಣ ಮುಂದೆ ಬರುತ್ತಿತ್ತು. ಅದರ ಬೆನ್ನಿಗೇ "ಅಂಕಲ್" ಎಂಬುದು ಕಿವಿಯಲ್ಲಿ ಮೊಳಗುತ್ತಿತ್ತು. ಇದ್ಯಾವ ಗ್ರಹಚಾರ!

ಮೆಕ್ಕೆಜೋಳ ಮಾರಲು ಶಿಕಾರಿಪುರಕ್ಕೆ ಹೋದವನಿಗೆ ಹೋಟೆಲಿನಲ್ಲಿ ರೇಣುಕಾಪ್ರಸಾದ್ ಮೇಷ್ಟ್ರು ಸಿಕ್ಕರು. ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದವರು, ಈಗ ನಿವೃತ್ತರು, ಮಾತಾಡಲು ಜನ ಸಿಕ್ಕರೆ ಸಾಕು ಅನ್ನುವಂತಾಗಿದ್ದವರು. ಸಪ್ಪೆ ಮುಖ ಕಂಡು ಕೆದಕಿ ಕೆದಕಿ ಕೇಳಿದರು. ವಿಷಯ ತಿಳಿದದ್ದೇ ಟೇಬಲ್ ಬಡಿದು ನಕ್ಕರು.

"ಅಂಕಲ್ ಅಂದ್ಲೇನೋ! ಲೇ ದಡ್ಡ, ಆ ಪದ ಎಲ್ಲಿಂದ ಬಂತು ಗೊತ್ತೈತೇನು? ಇಂಗ್ಲಿಷಿನೋರು ಫ್ರೆಂಚರ ಹತ್ರ ಇಸ್ಕಂಡ್ರು, ಫ್ರೆಂಚರು ಲ್ಯಾಟಿನ್ನಿಂದ. ಲ್ಯಾಟಿನ್ನಲ್ಲಿ ಅದು ಅವುಂಕುಲುಸ್. ಚಿಕ್ಕಪ್ಪ ದೊಡ್ಡಪ್ಪಂಗೆ ಅವರಲ್ಲಿ ಬೇರೆ ಹೆಸರಿತ್ತು. ಇದು ತಾಯಿಯ ಅಣ್ಣತಮ್ಮಂಗೆ ಮಾತ್ರ. ಅಂದ್ರೆ ಸೋದರಮಾವ!"

ಶಿವಯೋಗಿಯ ಕಿವಿ ನೆಟ್ಟಗಾಯಿತು. ಸೋದರಮಾವ ಅಂದರೆ ನಮ್ಮಲ್ಲಿ ಸುಮ್ಮನೆ ಮಾತಲ್ಲ. ಅಕ್ಕನ ಮಗಳನ್ನು ಕೇಳುವ ಮೊದಲ ಹಕ್ಕು ಹಿಂದಿನಿಂದಲೂ ಅವನದೇ.

"ಪೂರ್ತಿ ಕೇಳು," ಎಂದರು ಮೇಷ್ಟ್ರು. "ಆ ಪದದ ಬೇರು ಇನ್ನೂ ಹಿಂದಕ್ಕೆ ಹೋಗ್ತೈತೆ. ಅವುಸ್ ಅಂದ್ರೆ ಅಜ್ಜ. ಅವುಂಕುಲುಸ್ ಅಂದ್ರೆ ಪುಟ್ಟಜ್ಜ ಅಂತಾನೂ ಆತು."

ಶಿವಯೋಗಿ ಮೊದಲ ಅರ್ಧವನ್ನು ಮನೆಗೆ ಒಯ್ದ. ಎರಡನೆಯ ಅರ್ಧವನ್ನು ಹೋಟೆಲಿನಲ್ಲೇ ಬಿಟ್ಟು ಬಂದ. ಜಗಳ ಬಿಡಿಸುವ ಸಾಧು ಮನುಷ್ಯ ಅಂದುಕೊಂಡಿರಾ ಅವನನ್ನು? ಆಸೆ ಹುಟ್ಟಿದ ಮೇಲೆ ಸಾಧುವೂ ಕಳ್ಳನೇ.

ಸೋದರಮಾವ ಎಂದದ್ದೇ ತಡ ತಾಯಮ್ಮ ಎದ್ದು ನಿಂತಳು. "ಹಂಗಾದ್ರೆ ವರಸೆ ಕೂಡಿತಲ್ಲೋ! ಅವಳೇ ಬಾಯ್ತುಂಬ ಮಾವ ಅಂದಾಳೆ, ನೀನು ಗೂಬೆ ಹಂಗೆ ಎದ್ದು ಬಂದಿಯಲ್ಲ!" ಎಂದು ಮಗನಿಗೇ ಬೈದು, ತೆಂಗಿನಕಾಯಿ, ಎಲೆ ಅಡಿಕೆ ಕಟ್ಟಿಕೊಂಡಳು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಶಿವಯೋಗಿ ನಾಚುತ್ತಲೇ ಹಿಂದೆ ಹೊರಟ.

ಬಾಗಿಲಲ್ಲಿ ಇವರನ್ನು ಕಂಡ ನಾಗೇಶನಿಗೆ ಗಾಬರಿ. "ಎಂತ ಮಾರಾಯ್ರೆ, ಏನಾದ್ರೂ ಬಿಟ್ಟುಹೋಗಿದ್ರಾ?"

"ಬಿಟ್ಟುಹೋಗಿದ್ದು ವರಸೆ," ಎಂದಳು ತಾಯಮ್ಮ, ಕೇಳದೆಯೇ ಕುರ್ಚಿ ಎಳೆದುಕೊಂಡು. "ನಿನ್ ತಂಗಿ ನನ್ ಮಗನ್ನ ಸೋದರಮಾವ ಅಂತ ಕರದಾಳೆ. ಅಂಕಲ್ ಅಂದ್ರೆ ಅದೇಯಂತೆ, ಓದಿದೋರು ಹೇಳ್ಯಾರೆ. ಕರೆದ ಮೇಲೆ ಇಲ್ಲ ಅನ್ನಾಕೆ ಬರಲ್ಲ ನೋಡಪ್ಪ."

ನಾಗೇಶ್ ನಗಬೇಕೋ ಅಳಬೇಕೋ ತಿಳಿಯದೆ ನಿಂತ. ಹೊಲಿಗೆ ಯಂತ್ರದ ಸದ್ದು ನಿಂತಿತು. ಪ್ರಮೀಳಾ ಮೊಬೈಲ್ ಹಿಡಿದೇ ಒಳಬಂದಳು. ಕೇಳಿಸಿಕೊಂಡಿದ್ದಳು, ಆ ಪದವನ್ನು ಅದರಲ್ಲಿ ಹುಡುಕಿಯೂ ಆಗಿತ್ತು.

"ಹೌದು ಅಮ್ಮಾ, ಇಲ್ಲೂ ಹಾಗೇ ಇದೆ. ಆದ್ರೆ ಕೆಳಗಡೆ ಪುಟ್ಟಜ್ಜ ಅಂತಾನೂ ಇದೆಯಲ್ಲ!"

ತಾಯಮ್ಮ ಮಗನತ್ತ ತಿರುಗಿದಳು. ಶಿವಯೋಗಿ ಸೂರಿನ ಕಡೆ ನೋಡಿದ, ನೆಲದ ಕಡೆ ನೋಡಿದ. ಕೊನೆಗೆ, "ಅದೂ ನಂಗೆ ಗೊತ್ತಿತ್ರೀ. ಅವ್ವನಿಗೆ ಅಷ್ಟು ಮಾತ್ರ ಹೇಳಿಲ್ಲ," ಎಂದ.

ಪ್ರಮೀಳಾ ಬಾಗಿಲಿಗೆ ಒರಗಿಕೊಂಡು ನಕ್ಕಳು. ನಗು ನಿಂತ ಮೇಲೆ ಹೇಳಿದಳು, "ನಂಗೂ ಗೊತ್ತಿತ್ತು, ನೀವೇ ಹುಡುಗ ಅಂತ. ಬೇಕಂತಲೇ ಅಂದಿದ್ದು."

"ಎಂತಾ? ಅಷ್ಟು ಸಲಾನೂ ಬೇಕಂತಲೇನಾ?" ಎಂದು ಕಿರುಚಿದ್ದು ನಾಗೇಶ್.

"ಬಂದೋರೆಲ್ಲ ಕೇಳೋದು ಒಂದೇ ಅಣ್ಣ. ಮದುವೆ ಆದಮೇಲೆ ಅಂಗಡಿ ಬಾಗಿಲು ಯಾವಾಗ ಹಾಕ್ತೀಯ ಅಂತ. ಅವರಿಗೆ ಇಲ್ಲ ಅಂದ್ರೆ ನೀನು ಊಟ ಬಿಟ್ಟು ಕೂರ್ತೀಯ. ಅಂಕಲ್ ಅಂದ್ರೆ ಅವರೇ ಸಿಟ್ಟು ಮಾಡ್ಕೊಂಡು ಚಪ್ಪಲಿ ಹುಡುಕ್ತಾರೆ. ಕಾಫಿ ಪೂರ್ತಿ ಕುಡಿದು ಹೋದೋರು ಇವರೊಬ್ರೇ. ತಿರುಗಿ ಬಂದೋರೂ ಇವರೊಬ್ರೇ." ಆಮೇಲೆ ಶಿವಯೋಗಿಯನ್ನು ನೇರ ನೋಡಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. "ನಿಮಗೆ ಕೇಳೋಕೆ ಪುರುಸೊತ್ತೇ ಕೊಡ್ಲಿಲ್ಲ ನಾನು. ಈಗ ಕೇಳಿ."

ಶಿವಯೋಗಿಯ ಪಕ್ಕದಲ್ಲೇ ತಾಯಿ ಇದ್ದಳು. ಸೊಸೆ ಬಂದರೆ ಒಲೆಯ ಮುಂದಿನ ಮಣೆ ಬಿಟ್ಟುಕೊಡುತ್ತೇನೆ ಎಂದು ವರ್ಷಗಟ್ಟಲೆ ಕನಸು ಕಂಡವಳು ಅವಳು. ಆದರೂ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ಕೇಳೋದೇನೈತಿ? ಅಂಗಡಿ ಯಾಕ್ ಮುಚ್ತೀರಿ? ಸೊರಬ ಏನು ದೂರನಾ? ದಿನಾ ಗಾಡೀಲಿ ಬಿಟ್ಟು ಹೋಗ್ತೀನಿ."

"ಅಯ್ಯೋ, ಮನೇಲಿ ರೊಟ್ಟಿ ಯಾರೋ ತಟ್ಟೋರು?" ಎಂದಳು ತಾಯಮ್ಮ.

"ನಾನೇ ತಟ್ತೀನಿ ಬಿಡವ್ವ. ಕುರಿ ಹಿಂದೆ ಅಡವಿಗೆ ಹೋದಾಗ ನೀನೇನು ಬಂದು ತಟ್ಟಿಕೊಡ್ತಿದ್ಯಾ?"

ಮಗ ಹೇಳಿದ್ದು ಸುಳ್ಳಲ್ಲವಲ್ಲ. ತಾಯಮ್ಮ ಸೆರಗಿನ ಅಂಚು ತಿರುವಿದಳು. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಬಣ್ಣಬಣ್ಣದ ರವಿಕೆಗಳತ್ತ ಕಣ್ಣು ಹೋಯಿತು. ಎದ್ದು ಹೋಗಿ ಒಂದರ ತೋಳು ಮುಟ್ಟಿ ನೋಡಿ, ಹೊಲಿಗೆ ಎಳೆದು ಪರೀಕ್ಷೆ ಮಾಡಿ, ಪ್ರಮೀಳಾಳತ್ತ ತಿರುಗಿದಳು.

"ಹೊಲಿಗೆ ಗಟ್ಟಿ ಐತೆ. ನಂಗೂ ಒಂದು ಹೊಲಿದು ಕೊಡ್ತೀಯೇನವ್ವ? ಕೂಲಿ ಗೀಲಿ ಕೇಳಬ್ಯಾಡ ಮತ್ತೆ."

"ಕೂಲಿ ಬಿಡೋ ಮಾತೇ ಇಲ್ಲ ಅತ್ತೆ," ಎಂದಳು ಪ್ರಮೀಳಾ.

ತಾಯಮ್ಮ ಸೊಂಟಕ್ಕೆ ಕೈ ಕೊಟ್ಟು ಚೌಕಾಸಿಗೆ ಇಳಿದೇಬಿಟ್ಟಳು. ಆ ಜಿದ್ದಿನಲ್ಲಿ ತನ್ನನ್ನು ಪ್ರಮೀಳಾ ಏನೆಂದು ಕರೆದಳೆಂಬುದೇ ಅವಳ ಗಮನಕ್ಕೆ ಬರಲಿಲ್ಲ. ಶಿವಯೋಗಿಗೆ ಸರಿಯಾಗಿ ಕೇಳಿಸಿತ್ತು. ಖುಷಿಗೆ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಕಣ್ಣೊರೆಸಿಕೊಂಡ.