ಆರ್ಲಿನ್ ಟೀಗ್‌ನ ಸೊನ್ನೆ

ಆರ್ಲಿನ್ ಟೀಗ್ ಎಷ್ಟು ನಿಧಾನವಾಗಿ ಓಡ್ತಿದ್ದ ಅಂದ್ರೆ, ಬೇಸ್‌ಬಾಲ್ ಆಟದಲ್ಲಿ ಮೊದಲನೇ ಬೇಸ್ ಕಡೆ ಹೊರಡುವಾಗ ನುಣ್ಣಗೆ ಗಡ್ಡ ಬೋಳಿಸಿಕೊಂಡಿರ್ತಿದ್ದ, ತಲುಪೋ ಹೊತ್ತಿಗೆ ಮತ್ತೆ ಬೋಳಿಸಬೇಕಾಗ್ತಿತ್ತು. ಇದನ್ನ ನಾನು ನಮ್ಮ ಬೆಲ್ಡನ್ ಊರಲ್ಲಿ ಅರವತ್ತೆರಡು ವರ್ಷದಿಂದ ಹೇಳ್ಕೊಂಡು ಬಂದಿದೀನಿ. ಹೇಳಿದಾಗಲೆಲ್ಲ ಅವ್ನು ಪಕ್ಕದಲ್ಲೇ ಕೂತು ನಗ್ತಿದ್ದ. ಈಗ ಹೇಳೋಕೆ ಬಾಯಿ ಬರ್ತಿಲ್ಲ.

ಆರ್ಲಿನ್ ಯಾರು ಅಂತ ಮೊದಲು ಹೇಳ್ಬಿಡ್ತೀನಿ. ಮೂವತ್ತನಾಲ್ಕು ವರ್ಷ ಸ್ಕೂಲ್ ಬಸ್ ಓಡಿಸಿದವನು. ಈ ಊರಲ್ಲಿ ಅಪ್ಪ, ಮಗಳು, ಮೊಮ್ಮಗ ಮೂವರನ್ನೂ ಒಂದೇ ಸೀಟಲ್ಲಿ ಕೂರಿಸಿಕೊಂಡು ಹೋದ ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ. ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕಿ, ಕಲಕದೆ ಕುಡೀತಾನೆ. ತಳದಲ್ಲಿ ಉಳಿದಿದ್ದನ್ನ ಕೊನೇಲಿ ಚಮಚದಲ್ಲಿ ತಿಂತಾನೆ. ಇಷ್ಟೇ ಅವನ ದುರಭ್ಯಾಸ.

1962ರ ಒಂದು ಬೇಸಿಗೆ ಮಾತ್ರ ಅವ್ನು ನಮ್ಮೂರ ಬೇಸ್‌ಬಾಲ್ ತಂಡದ ಸಮವಸ್ತ್ರ ಹಾಕಿದ್ದ. ನಮ್ಮದು ಇಟ್ಟಿಗೆ ಸುಡೋ ಊರು, ತಂಡದ ಹೆಸರೂ ಬ್ರಿಕ್ಸ್. ಆರ್ಲಿನ್ ಬದಲಿ ಆಟಗಾರ, ನಂಬರ್ ಆರು. ಹನ್ನೊಂದು ಸಲ ಬ್ಯಾಟು ಹಿಡಿದ, ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ರೆ ಹಿಟ್ ಅಂತಾರೆ, ಅದು ಒಂದೂ ಬರಲಿಲ್ಲ. ಆಮೇಲೆ ಕಾಲು ಉಳುಕಿ ಮನೆಗೆ ಹೋದ.

ಅದೇ ಬೇಸಿಗೇಲಿ ನಂಬರ್ ಒಂಬತ್ತು ಲೋವೆಲ್ ಪ್ರಾಟ್ ಸತತ ಮೂವತ್ತೊಂದು ಪಂದ್ಯದಲ್ಲಿ ಹಿಟ್ ಹೊಡೆದ. ಹೀಗೆ ಪಂದ್ಯ ಬಿಡದೆ ಹಿಟ್ ಬಂದ್ರೆ ಸರಣಿ ಅಂತೀವಿ, ನಮ್ಮ ಲೀಗಲ್ಲಿ ಇವತ್ತಿಗೂ ಅದೇ ದಾಖಲೆ. ಅದಕ್ಕೆ ಮುಂಚೆ ಮೂವತ್ತು ಹೊಡೆದಿದ್ದವನು ಹೊಳೆ ಆಚೆ ಟಿಲ್‌ಮನ್ ಊರವನು. ಟಿಲ್‌ಮನ್ ಅಂದ್ರೆ ನಮಗೆ ಆಗಿಬರಲ್ಲ. ಅಲ್ಲಿಂದ ಗಾಳಿ ಬೀಸಿದ್ರೆ ನಮ್ಮಮ್ಮ ಒಣಗಿದ ಬಟ್ಟೇನ ಮತ್ತೆ ಒಗೀತಿದ್ಳು.

ಮಾರ್ವಾ ಅಂತ ಒಬ್ಬಳು ಕ್ಷೌರದಂಗಡಿ ಇಟ್ಟಿದಾಳೆ. ಗುರುವಾರ ಗುರುವಾರ ನಾವು ಮುದುಕರೆಲ್ಲ ಅಲ್ಲಿ ಸೇರಿ ಹಳೇ ದಾಖಲೆಗಳ ಮೇಲೆ ಪ್ರಶ್ನೆ ಕೇಳ್ಕೋತೀವಿ. ಸೋತವನು ಎಲ್ಲರಿಗೂ ಹಣ್ಣಿನ ಪೈ ತಿನ್ನಿಸಬೇಕು. ಯಾರಿಗೂ ಉತ್ತರ ಹೊಳೀದೇ ಬೇಜಾರಾದಾಗ ನಾನೊಂದು ಪ್ರಶ್ನೆ ಎಸೀತಿದ್ದೆ. "ಬ್ರಿಕ್ಸ್ ಬಟ್ಟೆ ಹಾಕಿ ಹತ್ತಕ್ಕಿಂತ ಜಾಸ್ತಿ ಸಲ ಬ್ಯಾಟ್ ಮಾಡಿ ಸೊನ್ನೆ ತಂದ ಒಬ್ಬನೇ ವೀರ ಯಾರು?" ಅಂಗಡಿಗೆ ಅಂಗಡಿಯೇ ಆರ್ಲಿನ್ ಹೆಸರು ಕೂಗ್ತಿತ್ತು. ಎಲ್ಲರಿಗಿಂತ ಮೊದಲು ಅವನೇ ಕೈ ಎತ್ತುತಿದ್ದ.

ಈ ವರ್ಷ ಏಪ್ರಿಲಲ್ಲಿ ಕ್ಲಬ್ಬಿನವರು ಹೊಸ ಸಮವಸ್ತ್ರ ಹೊರಗೆ ಬಿಟ್ಟರು. ನೋಡಿ ನಮಗೆ ಎದೆ ಧಸಕ್ ಅಂತು. ಇಟ್ಟಿಗೆ ಕೆಂಪು ಹೋಗಿ ಬೇಯಿಸಿದ ಸೀಗಡಿ ಬಣ್ಣ. ಪ್ಯಾಂಟು ಶೂ ಮುಚ್ಚೋವರೆಗೂ ಜೋಲಾಡ್ತಿದೆ, ಕಾಲುಚೀಲ ಅನ್ನೋದೇ ಕಾಣಲ್ಲ. ಬೆನ್ನ ಮೇಲೆ ಆಟಗಾರನ ಹೆಸರು ಬೇರೆ.

"ಹೆಸರು ಯಾಕಮ್ಮ ಬೇಕು?" ಅಂದೆ ನಾನು ಮಾರ್ವಾಗೆ, ಕ್ಷೌರದ ಕುರ್ಚೀಲಿ ಕೂತು. "ನಂಬರ್ ನೋಡಿ ಆಳು ಗೊತ್ತಾಗದೇ ಇರೋನು ಆಟಕ್ಕೆ ಯಾಕೆ ಬರ್ಬೇಕು? ನಾನು ಆರು ಸಾವಿರ ಪಂದ್ಯ ಬರೀ ನಂಬರ್ ನೋಡಿ ಬರ್ದಿದೀನಿ."

ನಾನು ತಂಡದ ಸ್ಕೋರ್ ಬರೀತಿದ್ದವನು, ಅದಕ್ಕೆ ಅಷ್ಟು ಜಂಬ.

"ಆರು ಸಾವಿರ ಅಲ್ಲ ಹಬ್, ಹೋದ ವಾರ ನಾಲ್ಕು ಸಾವಿರ ಅಂದಿದ್ರಿ," ಅಂದಳು ಮಾರ್ವಾ, ನನ್ನ ಕಿವಿ ಹಿಂದೆ ಕತ್ತರಿ ಆಡಿಸ್ತಾ. "ಒಂದು ವಾರದಲ್ಲಿ ಎರಡು ಸಾವಿರ ಪಂದ್ಯ ಆಯ್ತಾ?"

"ಈ ವಾರ ಮಳೆ ಬರಲಿಲ್ಲ ಕಣಮ್ಮ."

ಊರಿನ ಬೈಗುಳ ತಡೀಲಾರದೆ ಕ್ಲಬ್ಬಿನವರು ಎರಡು ಮಾತು ಕೊಟ್ಟರು. ಒಂದು, ಜೂನಲ್ಲಿ ಒಂದು ದಿನ ಹಳೇ ಉಣ್ಣೆ ಸಮವಸ್ತ್ರದಲ್ಲಿ ಆಟ. ಅದಕ್ಕೆ ಮಾದರಿಗೆ ಯಾರ ಮನೇಲಾದ್ರೂ ಹಳೇ ಜರ್ಸಿ ಇದ್ರೆ ತಂದುಕೊಡಿ ಅಂದರು. ಎರಡು, ಮೈದಾನದ ಬಾಗಿಲಲ್ಲಿ ಒಂದು ಗೋಡೆ. ಬ್ರಿಕ್ಸ್‌ಗೆ ಆಡಿದ ಪ್ರತಿಯೊಬ್ಬನಿಗೂ ಒಂದು ಇಟ್ಟಿಗೆ. ಅದರ ಮೇಲೆ ಹೆಸರು, ವರ್ಷ, ಎಷ್ಟು ಸಲ ಬ್ಯಾಟು ಹಿಡಿದ, ಎಷ್ಟು ಹಿಟ್, ಲೀಗ್ ದಾಖಲೆ ಇದ್ರೆ ಅದೂ. ಹಸಿ ಮಣ್ಣಲ್ಲಿ ಕೆತ್ತಿ, ಶನಿವಾರ ಭಟ್ಟಿಗೆ ಇಡೋದು. ಒಂದ್ಸಲ ಬೆಂದ್ರೆ ಮುಗೀತು, ಆಮೇಲೆ ತಿದ್ದೋಕಾಗಲ್ಲ.

ಆರ್ಲಿನ್ ಕ್ಲಬ್ ಆಫೀಸಿಗೆ ಹೋಗಿ, ತನ್ನ ಇಟ್ಟಿಗೇಲಿ ಹೆಸರು ಮಾತ್ರ ಸಾಕು, ಅಂಕಿ ಬೇಡ ಅಂತ ಕೇಳಿದನಂತೆ. ಎಲ್ಲರಿಗೂ ಒಂದೇ ನಮೂನೆ ಅಂದರಂತೆ. ಗುರುವಾರ ಅಂಗಡೀಲಿ ನಾನು, "ಲೋ, ನಿನ್ನ ಸೊನ್ನೆ ಅಚ್ಚುಕಟ್ಟಾಗಿ ದುಂಡಗೆ ಕೆತ್ತಿಸಣ ಬಿಡೋ, ನೀರಿಟ್ರೆ ಗುಬ್ಬಚ್ಚಿ ಬಂದು ಕುಡೀಲಿ" ಅಂದೆ. ಎಲ್ಲರೂ ನಕ್ಕರು. ಅವ್ನು ನಗಲಿಲ್ಲ. ಅರವತ್ತೆರಡು ವರ್ಷದಲ್ಲಿ ಮೊದಲನೇ ಸಲ ನಗಲಿಲ್ಲ. ಟೋಪಿ ಹಾಕ್ಕೊಂಡು ಎದ್ದು ಹೋದ.

ಅರ್ಧ ಗಂಟೆಗೆ ವಾಪಸ್ ಬಂದ. ಕೈಯಲ್ಲೊಂದು ರಟ್ಟಿನ ಡಬ್ಬ. ಕೌಂಟರ್ ಮೇಲಿಟ್ಟು, ಕಾಫಿ ಬಗ್ಗಿಸಿಕೊಂಡು, ಕಿಟಕಿ ಕಡೆ ತಿರುಗಿ ಕೂತ್ಕೊಂಡ. "ಹಳೇ ಜರ್ಸಿ ಕೇಳಿದ್ರಲ್ಲ," ಅಂದ, ಅಷ್ಟೇ.

ಮಾರ್ವಾ ಬಿಚ್ಚಿದಳು. ಬೂದು ಉಣ್ಣೆ, ಮುಂದುಗಡೆ ಕೆಸರಿನ ಕಲೆ, ತಿರುಗಿಸಿದ್ರೆ ಬೆನ್ನ ಮೇಲೆ ಕೆಂಪು ಬಟ್ಟೆಯ ಒಂಬತ್ತು.

"ಇದು ಲೋವೆಲ್‌ದು ಕಣೋ. ನೀನು ಯಾವಾಗ ಕದ್ದೆ?" ಅಂದೆ.

"ಲೋವೆಲ್ ಜರ್ಸಿ ಮೈದಾನದಲ್ಲಿ ಗಾಜಿನ ಪೆಟ್ಟಿಗೇಲಿ ನೇತಾಡ್ತಿದೆ," ಅಂದಳು ಮಾರ್ವಾ. "ದಿನಾ ನೋಡ್ತೀನಿ." ಕಾಲರ್ ಮಗುಚಿದಳು. ಒಳಗಡೆ ಮಸೀಲಿ ಬರೆದಿತ್ತು, ಟೀಗ್, 6.

ಮಾರ್ವಾ ಜರ್ಸೀನ ತಲೆಕೆಳಗು ಮಾಡಿ ಹಿಡಿದಳು. ಒಂಬತ್ತು ಆರಾಯ್ತು. ತಿರುಗಿಸಿದಳು, ಆರು ಒಂಬತ್ತಾಯ್ತು.

ಆಗಿನ ಕಾಲದಲ್ಲಿ ನಮ್ಮ ಜರ್ಸೀಲಿ ಹೀಗೊಂದು ರಗಳೆ ಇತ್ತು. ಕೆಂಪು ನಂಬರ್ ನೀರು ಕಂಡ್ರೆ ಬಣ್ಣ ಬಿಡ್ತಿತ್ತು. ಅದಕ್ಕೆ ತಂಡದ ಬಟ್ಟೆ ಒಗೀತಿದ್ದ ವಾನೆಕ್ ಅಜ್ಜಿ ಪ್ರತಿ ಸಲ ನಂಬರ್ ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ಹೊಲೀತಿದ್ಳು. ಹದಿನೆಂಟು ಜರ್ಸಿ, ವಾರಕ್ಕೆ ಮೂರ್ಸಲ. ಒಂದ್ಸಲ ಆರನ್ನ ತಲೆಕೆಳಗೆ ಹೊಲಿದಿದ್ದಾಳೆ.

"ಯಾವತ್ತು?" ಅಂದೆ.

"ನೀವೇ ಲೆಕ್ಕ ಹಾಕ್ಕೋಬೇಕು," ಅಂದ ಆರ್ಲಿನ್, ಕಿಟಕಿ ಕಡೆ ನೋಡ್ಕೊಂಡೇ. "ನಾನು ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀನಿ. ತೋರ್ಸಲ್ಲ ಅಂತ ಕೊಟ್ಟಿರಲಿಲ್ಲ."

ಆ ಕೆಸರು ನೋಡಿದ ತಕ್ಷಣ ನನಗೆ ಗೊತ್ತಾಯ್ತು, ಅದು ಅವನ ಕೊನೇ ಪಂದ್ಯ, ಜರ್ಸಿ ಮತ್ತೆ ಒಗೆಯೋಕೆ ಹೋಗಲೇ ಇಲ್ಲ. ಜುಲೈ ಹನ್ನೊಂದು, ಬುಧವಾರ ಮಧ್ಯಾಹ್ನ, ಜಡಿಮಳೆ. ಭಟ್ಟಿ ಕೆಲಸ ಬಿಟ್ಟು ಬಂದವರು ನಲವತ್ತು ಜನ ಇರಬಹುದು, ಈಗ ನಾನೂ ಅಲ್ಲಿದ್ದೆ ಅನ್ನೋರು ನಾಲ್ಕು ನೂರು. ಧ್ವನಿವರ್ಧಕ ಕೆಟ್ಟಿತ್ತು, ಯಾರ ಬದಲು ಯಾರು ಬಂದ್ರು ಅಂತ ಕೂಗಲಿಲ್ಲ. ನಾನು ಹತ್ತೊಂಬತ್ತು ವರ್ಷದವನು, ಮರದ ಡಬ್ಬದಂಥ ಕೋಣೇಲಿ ಕೂತು ಒಂದು ಕೈಯಲ್ಲಿ ಹಾಟ್‌ಡಾಗ್, ಇನ್ನೊಂದರಲ್ಲಿ ಪೆನ್ಸಿಲು. ಲೋವೆಲ್ ಜಾಗದಲ್ಲಿ ಬ್ಯಾಟ್ ಹಿಡಿದು ಬಂದವನ ಬೆನ್ನಲ್ಲಿ ಒಂಬತ್ತು ಕಾಣ್ತು. ಒಂಬತ್ತು ಅಂತ ಬರೆದೆ. ನಾಲ್ಕು ಸಲ. ನಾಲ್ಕನೇ ಸಲ ಹಿಟ್. ಮಾರನೇ ದಿನ ಪೇಪರಲ್ಲಿ ಬಂತು, ಪ್ರಾಟ್ ಸತತ ಹದಿನೆಂಟನೇ ಪಂದ್ಯದಲ್ಲಿ ಹಿಟ್.

"ಲೋವೆಲ್ ಎಲ್ಲಿದ್ದ?" ಕೇಳಿದಳು ಮಾರ್ವಾ.

"ಅದನ್ನ ಅವನನ್ನೇ ಕೇಳಿ."

ಕ್ಷೌರ ಅರ್ಧಕ್ಕೆ ಬಿಟ್ಟು, ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಸಮೇತ ನಾನು ಹೊರಟೆ. ಮಾರ್ವಾ ಕಾರು ತೆಗೆದಳು.

ಲೋವೆಲ್‌ಗೆ ಈಗ ಎಂಬತ್ತೈದು. ಆ ಬೇಸಿಗೆ ಮುಗೀತಿದ್ದಂಗೆ ಮಂಡಿ ಮುರ್ಕೊಂಡ, ದೊಡ್ಡ ತಂಡಕ್ಕೆ ಹೋಗಲೇ ಇಲ್ಲ. ಮನೆ ಚಾವಣಿ ಹಾಕೋ ಕೆಲಸ ಮಾಡ್ಕೊಂಡಿದ್ದ. ಅವನ ಹತ್ರ ಇರೋದು ಮೂವತ್ತೊಂದು ಒಂದೇ. ಕಾರಿನ ನಂಬರಲ್ಲೂ ಮೂವತ್ತೊಂದು, ಮನೆ ಬಾಗಿಲಲ್ಲೂ ಮೂವತ್ತೊಂದು. ಅವನ ಮನೆಯ ನಿಜವಾದ ನಂಬರ್ ನೂರ ಹದಿನಾಲ್ಕು. ಪೋಸ್ಟ್‌ಮ್ಯಾನ್ ಸಹಿಸ್ಕೊಂಡಿದಾನೆ.

ಜರ್ಸಿ ನೋಡಿದವನೇ ಜಗಲಿ ಕುರ್ಚೀಲಿ ಕುಸಿದ.

"ಆಲೂಗಡ್ಡೆ ಸಲಾಡು," ಅಂದ. "ಹಿಂದಿನ ದಿನ ಮಾವನ ಮನೇಲಿ ತಿಂದಿದ್ದೆ. ಕೆಟ್ಟಿತ್ತು. ಆಟ ಮುಗಿಯೋವರೆಗೂ ನಾನು ಕಕ್ಕಸಿನಲ್ಲಿದ್ದೆ ಹಬ್. ಹೊರಗೆ ಬಂದ್ರೆ ಎಲ್ಲರೂ ಬೆನ್ನು ತಟ್ತಿದಾರೆ."

"ತಂಡದವರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆದ್ರೆ ಸರಣಿ ನಡೀತಿರುವಾಗ ಅದರ ಬಗ್ಗೆ ಯಾರು ತುಟಿ ಬಿಚ್ತಾರೆ? ನೀನು ಬಿಚ್ತಿದ್ಯಾ?"

ಬಿಚ್ತಿರಲಿಲ್ಲ. ಒಬ್ಬ ಹುಡುಗ ಸರಣೀಲಿ ಇದ್ದಾಗ ಅದರ ಸುದ್ದಿ ಎತ್ತಬಾರದು, ಎತ್ತಿದ್ರೆ ಮುರಿಯುತ್ತೆ. ಇದು ನಮ್ಮವರ ಕಟ್ಟಳೆ. ಪಕ್ಕದಲ್ಲಿ ಕೂರೋದೂ ಇಲ್ಲ. ಎರಡು ವಾರ ಎಲ್ಲರೂ ಬಾಯಿ ಕಟ್ಟಿಕೊಂಡಿದ್ರು. ಅಷ್ಟರಲ್ಲಿ ಮೂವತ್ತೊಂದಾಯ್ತು, ಮೆರವಣಿಗೆ ಆಯ್ತು, ಆಮೇಲೆ ಹೇಳೋಕೆ ಬಾಯೇ ಇರಲಿಲ್ಲ.

"ಆರ್ಲಿನ್‌ಗೆ ನಾನೇ ಕೈ ಮುಗಿದೆ," ಅಂದ ಲೋವೆಲ್. "ಹೇಳಿದ್ರೆ ಸರಣಿ ಹದಿನೇಳಕ್ಕೇ ಮುರ್ದುಹೋಗುತ್ತೆ, ನನ್ನ ಜೀವನ ಮುಗೀತು ಅಂದೆ. ಅವ್ನು ಆಯ್ತು ಅಂದ."

ನಾನು ಮೆಟ್ಟಿಲ ಮೇಲೆ ಕೂತ್ಕೊಂಡೆ.

"ಲೋವೆಲ್," ಅಂದೆ. "ಆಟಗಾರ ಆಡದೇ ಇದ್ದ ಪಂದ್ಯ ಲೆಕ್ಕಕ್ಕೇ ಬರಲ್ಲ ಕಣೋ. ಸರಣಿ ಮುರಿಯಲ್ಲ. ಹಿಂದಿನ ಪಂದ್ಯದಿಂದ ಮುಂದಿನ ಪಂದ್ಯಕ್ಕೆ ಸೀದಾ ಹೋಗುತ್ತೆ. ನಿಯಮ ಇರೋದೇ ಹಂಗೆ. ಗುರುವಾರ ಗುರುವಾರ ನಾನೇ ಈ ಪ್ರಶ್ನೆ ಕೇಳಿ ಎಷ್ಟು ಪೈ ತಿಂದಿದೀನಿ."

ಅವ್ನು ನನ್ನನ್ನೇ ನೋಡ್ತಿದ್ದ. ಹಲ್ಲಿನ ಸೆಟ್ಟು ಒಳಗೇ ಸರಿದಾಡೋದು ಕೇಳಿಸ್ತು.

"ಮುರೀತಿರಲಿಲ್ವಾ?"

"ಒಂದು ಕಮ್ಮಿ ಆಗ್ತಿತ್ತು ಅಷ್ಟೇ. ಮೂವತ್ತು."

ಅರವತ್ತೆರಡು ವರ್ಷ. ಒಬ್ಬ ಸುಳ್ಳು ಹೊತ್ತ, ಇನ್ನೊಬ್ಬ ಸೊನ್ನೆ ಹೊತ್ತ. ಇಬ್ಬರೂ ನನ್ನ ಪಕ್ಕದಲ್ಲೇ ಇದ್ರು. ಒಂದೇ ಒಂದು ಸಲ ಕೇಳಿದ್ರೆ ನಾನು ಹೇಳ್ತಿದ್ದೆ. ಕೇಳೋ ಹಂಗಿರಲಿಲ್ಲ ಅನ್ನೋದೇ ತಾಪತ್ರಯ.

ಲೋವೆಲ್ ಮುಖಕ್ಕೆ ಸ್ವಲ್ಪ ಬಣ್ಣ ಬಂತು, ಮತ್ತೆ ಇಳೀತು. "ಮೂವತ್ತು ಅಂದ್ರೆ ಟಿಲ್‌ಮನ್‌ನವನ ಸಮ," ಅಂದ. "ಅವನ ಹೆಸರಿನ ಪಕ್ಕ ನನ್ನ ಹೆಸರು. ಅದರ ಬದಲು ಸೊನ್ನೆ ಅನ್ನಿಸ್ಕೊಳ್ಳೋದೇ ವಾಸಿ."

"ಅದನ್ನ ನಿಮ್ಮ ಬದಲು ಇನ್ನೊಬ್ಬರು ಅನ್ನಿಸ್ಕೊಂಡಿದಾರೆ," ಅಂದಳು ಮಾರ್ವಾ. "ಬನ್ನಿ ಹಬ್, ಹೋಗಣ."

ಶುಕ್ರವಾರ ಊರೆಲ್ಲ ಸುದ್ದಿ. ಅರ್ಧ ಊರು ಆರ್ಲಿನ್‌ನ ಮನೆ ಮುಂದೆ ಕಾರು ನಿಧಾನ ಮಾಡಿ ನೋಡ್ಕೊಂಡು ಹೋಯ್ತು. ಹಾರ್ಡ್‌ವೇರ್ ಅಂಗಡಿಯವನು ಮುಖದ ಮೇಲೇ ಕೇಳಿದ. "ಒಂದು ಹಿಟ್‌ಗೋಸ್ಕರ ಟಿಲ್‌ಮನ್ ಜೊತೆ ನಮ್ಮನ್ನ ಸಮ ಮಾಡ್ತೀರಾ?" ಆರ್ಲಿನ್ ಮೊಳೆ ತಗೊಂಡು ಹೊರಟುಬಂದ. ಕ್ಲಬ್ಬಿನವರು ಜಾಣರು. ಲೋವೆಲ್ ತಾನೇ ಬಂದು ಹೇಳಿದ್ರೆ ತಿದ್ದುತೀವಿ, ಇಲ್ಲಾಂದ್ರೆ ಪುಸ್ತಕದಲ್ಲಿ ಇದ್ದಂಗೆ ಅಂದರು. ಪುಸ್ತಕ ನಂದು. ನನ್ನ ಕೈಬರಹ. ನಾನೇ ತಪ್ಪು ಅಂದ್ರೂ ಅವರಿಗೆ ನನ್ನ ಮಾತಿಗಿಂತ ಅದೇ ನಿಜ.

ಶನಿವಾರ ಬೆಳಿಗ್ಗೆ ಭಟ್ಟಿ ಹತ್ರ ಹೋದ್ವಿ. ಉದ್ದದ ಹಲಗೆ ಮೇಲೆ ಹಸಿ ಇಟ್ಟಿಗೆ ಸಾಲು. ಭಟ್ಟಿಯವರು ಒಂದೊಂದಾಗಿ ಒಳಗೆ ಜೋಡಿಸ್ತಿದ್ರು. ಆರ್ಲಿನ್ ತನ್ನ ಇಟ್ಟಿಗೆ ಎದುರು ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ಹನ್ನೊಂದು, ಸೊನ್ನೆ. ಅವನ ಸರದಿ ಬರೋಕೆ ಇನ್ನೂ ಇಪ್ಪತ್ತು ಇಟ್ಟಿಗೆ ಇದ್ವು. ಹತ್ತಾಯ್ತು. ಐದಾಯ್ತು.

ಲೋವೆಲ್ ಕೋಲೂರಿಕೊಂಡು ಬಂದ. ಯಾರ ಮುಖವೂ ನೋಡಲಿಲ್ಲ. ಲೀಗ್ ದಾಖಲೆ ಬರೆದಿದ್ದ ತನ್ನ ಇಟ್ಟಿಗೆ ಹತ್ರ ಹೋಗಿ, ಹೆಬ್ಬೆಟ್ಟಲ್ಲಿ ಮೂವತ್ತೊಂದರ ಒಂದನ್ನ ಒತ್ತಿ ಅಳಿಸಿದ. ಕೆತ್ತೋ ಹುಡುಗಿ ಕೈಯಿಂದ ಕಡ್ಡಿ ತಗೊಂಡು, ಅಲ್ಲೊಂದು ಸೊನ್ನೆ ಬರೆದ. ಸೊಟ್ಟ ಸೊನ್ನೆ. ಆಮೇಲೆ ಕಡ್ಡೀನ ಆರ್ಲಿನ್ ಕಡೆ ಚಾಚಿದ.

"ನಿಂದು ನೀನೇ ಬರ್ಕೋ," ಅಂದ. "ನನಗೆ ಬರೆಯೋ ಯೋಗ್ಯತೆ ಇಲ್ಲ."

ಹಿಂದೆ ಯಾರೋ, "ಟಿಲ್‌ಮನ್‌ಗೆ ಫೋನ್ ಮಾಡಿ, ಕುಣೀಲಿ" ಅಂತ ಗೊಣಗಿದ. ಲೋವೆಲ್ ತಿರುಗಲಿಲ್ಲ.

ಆರ್ಲಿನ್ ಕಡ್ಡಿ ತಗೊಂಡ. ಸೊನ್ನೆ ಅಳಿಸಿ ಒಂದು ಬರೀತಾನೆ ಅಂದ್ಕೊಂಡ್ವಿ. ಅವ್ನು ಮೊದಲು ಹನ್ನೊಂದನ್ನ ಅಳಿಸಿ ಹದಿನೈದು ಮಾಡಿದ. ಅವತ್ತು ನಾಲ್ಕು ಸಲ ಬ್ಯಾಟು ಹಿಡಿದಿದ್ನಲ್ಲ, ಔಟಾದ ಮೂರನ್ನೂ ತನ್ನ ತಲೆ ಮೇಲೇ ಹಾಕ್ಕೊಂಡ. ಆಮೇಲೆ ಒಂದು ಅಂತ ಕೆತ್ತಿದ. ತುಂಬ ಹೊತ್ತು ತಗೊಂಡ. ಒಂದು ಗೆರೆ ಅಷ್ಟೇ ಅದು.

"ಪುಸ್ತಕ ತಂದಿದೀಯಾ ಹಬ್?"

ಕಂಕುಳಲ್ಲಿ ಇತ್ತು. ಜುಲೈ ಹನ್ನೊಂದರ ಪುಟ ತೆಗೆದು, ಪ್ರಾಟ್ ಅನ್ನೋದನ್ನ ಹೊಡೆದುಹಾಕಿ, ಟೀಗ್ ಅಂತ ಬರೆದೆ. ಅವ್ನು ಬೆರಳಿಟ್ಟು ಒಂದೊಂದೇ ಓದಿದ.

"ಎರಡನೇ ಸಲ ಎಡಗಡೆ ಕ್ಯಾಚ್ ಅಂತ ಬರ್ದಿದೀಯ. ಅದು ಬಲಗಡೆ. ಮಳೇಲಿ ನಿನಗೆ ಕಂಡಿಲ್ಲ."

ಅದನ್ನೂ ತಿದ್ದಿದೆ. ಅವ್ನು ಪುಟಾನ ಬೆಳಕಿಗೆ ಹಿಡಿದು ನೋಡಿದ.

"ಪೆನ್ಸಿಲ್ ಮೊಂಡಾಗಿದೆ ಕಣೋ," ಅಂದ. "ಹೆಸರು ಇನ್ನೊಂದ್ಸಲ ಬರಿ. ಗಾಢವಾಗಿ."